ಕುರುಗೋಡಿನಲ್ಲಿ ನಾನು ಮಾಡಿಸಿದ ತುಲಾಭಾರ

ನಮ್ಮ ಸೀಮೆಯ ಹೆಂಗಸರ ಮನಸ್ಸು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂಬುದು ಒಂದು ಕಾಲಕ್ಕೆ ನನ್ನ ಬಲವಾದ ನಂಬಿಕೆಯಾಗಿತ್ತು. ಬಳ್ಳಾರಿಯ ಮಿಷನ್ ಸಾಲೆಯಲ್ಲಿ ಎಂಟು ವರ್ಷ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಆಗ ಆಸ್ಟ್ರೇಲಿಯಾದಿಂದ ಎಡಿತ್ ದೊರಸಾನಿ ಎಂಬ ನರ್ಸಮ್ಮ ಬಂದರು. ಸಂಬಳವಿಲ್ಲ, ಸವಲತ್ತಿಲ್ಲ. ಹಳ್ಳಿಯ ತಾಯಿ ಮಕ್ಕಳ ಸೇವೆ ಮಾಡಬೇಕೆಂದು ತಮ್ಮದೇ ಖರ್ಚಿನಲ್ಲಿ ಹಡಗು ಹತ್ತಿ ಬಂದವರು. ಬೇಸಿಗೆ ರಜೆಯಲ್ಲಿ ಅವರ ಜೊತೆ ಸುತ್ತಲು ಯಾರಾದರೂ ಬರುತ್ತೀರಾ ಎಂದು ಸಾಲೆಯಲ್ಲಿ ಕೇಳಿದರು. ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲೆದ್ದಿತ್ತು!

ನಮ್ಮ ಯಜಮಾನರು ರೈಲ್ವೆ ಗುಮಾಸ್ತರು. ಹೊರಡುವ ಗಾಡಿಗೆಲ್ಲ ಎಚ್ಚರಿಕೆ ಹೇಳುವುದು ಅವರ ಅಭ್ಯಾಸ. "ನಿನಗ ಮಕ್ಕಳು ಅಂದ್ರ ಬೆತ್ತ ತೋರ್ಸೋದೊಂದ ಗೊತ್ತು. ಅಲ್ಲಿ ಹೋಗಿ ತೊಟ್ಟಿಲ ಕೂಸಿಗೆ ಮಗ್ಗಿ ಕೇಳಬ್ಯಾಡ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡು ನಾನು ಬಸ್ಸು ಹತ್ತಿದೆ.

ದೊರಸಾನಿಯ ಹತ್ತಿರ ಹಾಲಿನ ಪುಡಿಯ ಡಬ್ಬಿಗಳು ಎರಡು ಪೆಟ್ಟಿಗೆ ಇದ್ದವು. ಎಲ್ಲ ಮಕ್ಕಳಿಗೂ ಸಾಲುವಷ್ಟಲ್ಲ. ಆದ್ದರಿಂದ ಕೂಸುಗಳನ್ನು ತೂಗಿ ನೋಡಿ, ವಯಸ್ಸಿಗೆ ತಕ್ಕ ತೂಕವಿಲ್ಲದ ಬಡಕಲು ಮಕ್ಕಳಿಗೆ ಮಾತ್ರ ಕೊಡುವುದು ಅವರ ಕ್ರಮ. ತೂಗುವುದಕ್ಕೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ತಂದಿದ್ದರು.

ಮೊದಲು ಸಿರುಗುಪ್ಪ. ಕೊಕ್ಕೆ ನೋಡಿದ ಕೂಡಲೇ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಅವರಿಗೆ ಧೈರ್ಯ ತುಂಬಲು ನಾನು ಒಂದು ಭಾಷಣ ಮಾಡಿದೆ. ಮಾಡಿದ್ದು ಸಾಲದೆಂದು, ಮುಂದಿನ ಸಾಲಿನಲ್ಲಿದ್ದ ಒಂದು ದುಂಡನೆಯ ಕೂಸನ್ನು ಎತ್ತಿ ಹಿಡಿದು, "ನೋಡಿರಿ, ಎಷ್ಟು ದಪ್ಪಗೆ ಮುದ್ದಾಗಿದೆ, ಇಂಥ ಮಗುವನ್ನು ಈ ಊರಲ್ಲೇ ನೋಡಿಲ್ಲ" ಎಂದು ಸಭೆಗೆಲ್ಲ ತೋರಿಸಿದೆ. ಕೂಸಿನ ಅಜ್ಜಿ ಎದ್ದು ಬಂದು ಅದನ್ನು ಕಿತ್ತುಕೊಂಡಳು. ನನ್ನ ಕಣ್ಣ ಮುಂದೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ನನ್ನ ಕಣ್ಣಿನದೇ ದೃಷ್ಟಿ ತೆಗೆಯುವುದಕ್ಕೆ! ಐದು ನಿಮಿಷದಲ್ಲಿ ಚಾವಡಿ ಬಹುತೇಕ ಖಾಲಿ. ಇದೇ ನೀರು ಕುಡಿದು ಬೆಳೆದ ನನಗೆ ಇಷ್ಟು ಗೊತ್ತಿರಬೇಡವೇ?

ದೊರಸಾನಿ ತಕ್ಕಡಿ ಪೆಟ್ಟಿಗೆಗೆ ಸೇರಿಸಿ, ನೆಲದ ಮೇಲೆ ಕುಳಿತು, ಉಳಿದ ನಾಲ್ಕು ಮಕ್ಕಳ ಪಿಚ್ಚುಗಣ್ಣು ಒರೆಸಿದರು, ಕಜ್ಜಿ ತೊಳೆದರು. ನಮ್ಮ ಬಿಸಿಲಿಗೆ ಅವರ ಮುಖ ದಾಸವಾಳದ ಹೂವಾಗಿತ್ತು. ಮುಟ್ಟಲು ನಾನೇ ಹಿಂಜರಿದ ಕಜ್ಜಿಯನ್ನು ಅವರು ಬರಿಗೈಯಲ್ಲಿ ತೊಳೆಯುತ್ತಿದ್ದುದನ್ನು ನೋಡಿ ನಾಚಿಕೆಯಾಯಿತು. ಈ ತಾಯಿಗೆ ಏನಾದರೂ ಒಂದು ಉಪಕಾರ ಮಾಡಲೇಬೇಕು ಎಂದು ನಿಶ್ಚಯಿಸಿದೆ. ಅನಾಹುತ ಶುರುವಾದದ್ದೇ ಆ ನಿಶ್ಚಯದಿಂದ.

ಕುರುಗೋಡಿಗೆ ಹೋಗುವ ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಕೂಸನ್ನು ಸುಮ್ಮನೆ ತೂಗಿದರೆ ದೃಷ್ಟಿ. ಬೆಲ್ಲಕ್ಕೆ ತೂಗಿದರೆ? ತುಲಾಭಾರ! ಹರಕೆ ಹೊತ್ತು ಮಗುವನ್ನು ಬೆಲ್ಲಕ್ಕೋ ಕೊಬ್ಬರಿಗೋ ತೂಗಿಸುವುದು ನಮ್ಮವರಿಗೆ ಹೊಸದೇನಲ್ಲವಲ್ಲ. ದೊರಸಾನಿಗೆ ಸುದ್ದಿ ಹೇಳದೆ ಆ ಸಂಜೆಯೇ ಮನೆ ಮನೆಗೆ ಹೋಗಿ, ನಾಳೆ ಸಾಲೆಯ ಅಂಗಳದಲ್ಲಿ ಕೂಸುಗಳ ತುಲಾಭಾರ, ಬನ್ನಿರಿ ಎಂದು ಸಾರಿದೆ. ಯಾವ ದೇವರಿಗೆ ಎಂದು ಒಬ್ಬಳು ಕೇಳಿದಳು. ದೇವರು ಎಲ್ಲರಿಗೂ ಒಬ್ಬನೇ ಎಂದು ಹೇಳಿ ಬೇಗ ಬೇಗ ಮುಂದೆ ನಡೆದೆ. ಹತ್ತಿ ವ್ಯಾಪಾರದ ಸಾಹೇಬರ ಮನೆಯಲ್ಲಿ ಅವರ ತಾಯಿ ಹುಸೇನ್‌ಬಿಯನ್ನು ಕಾಡಿ ಬೇಡಿ, ಎರಡು ತಟ್ಟೆಯ ದೊಡ್ಡ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ತರಿಸಿದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ! ತಲೆಗೆ ಎಣ್ಣೆ ಹಚ್ಚಿ, ಕಣ್ಣಿಗೆ ಕಾಡಿಗೆ ಇಟ್ಟು, ಬೆಳ್ಳಿ ಉಡುದಾರ ತೊಡಿಸಿ ಕೂಸುಗಳನ್ನು ತಂದಿದ್ದರು. ಪ್ರತಿಯೊಬ್ಬ ತಾಯಿಯ ಹಿಂದೆ ಬೆಲ್ಲದ ಪೆಂಟಿಗಳ ಬುಟ್ಟಿ ಹೊತ್ತ ಒಬ್ಬರು. ಒಂದು ಮನೆಯವರು ಹಲಗೆ ಬಡಿಯುವವನನ್ನೂ ಕರೆತಂದಿದ್ದರು. ಇದೇನು ಎಂದು ದೊರಸಾನಿ ಕಣ್ಣರಳಿಸಿದರು. ಇಲ್ಲಿಯ ಪದ್ಧತಿ, ಎಲ್ಲ ನನಗೆ ಬಿಡಿ ಎಂದೆ.

ಕೆಲಸ ಎರಡರಷ್ಟಾಯಿತು. ಮೊದಲು ಕೂಸನ್ನು ಬೆಲ್ಲಕ್ಕೆ ತೂಗಬೇಕು, ಆಮೇಲೆ ಆ ಬೆಲ್ಲವನ್ನು ಕಲ್ಲಿಗೆ ತೂಗಿ ಬರೆದುಕೊಳ್ಳಬೇಕು. ಬೆಲ್ಲಕ್ಕೆ ಇರುವೆ ಬಂದವು, ಇರುವೆ ಕಚ್ಚಿ ಕೂಸುಗಳು ಅತ್ತವು, ಅಳು ಮುಚ್ಚಲು ಹಲಗೆಯವನು ಇನ್ನೂ ಜೋರಾಗಿ ಬಡಿದ. ದೊರಸಾನಿ ಮಾತ್ರ ಒಂದೊಂದು ಕೂಸನ್ನೂ ನಗುತ್ತ ಎತ್ತಿ, ನಗುತ್ತ ಇಳಿಸಿದರು. ಮಧ್ಯಾಹ್ನಕ್ಕೆ ಮೂವತ್ತು ಮಕ್ಕಳ ತೂಕ ಪುಸ್ತಕಕ್ಕೆ ಏರಿತ್ತು. ನಾನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ, ನಮ್ಮ ಯಜಮಾನರು ನೋಡಬೇಕಿತ್ತು ಎಂದುಕೊಳ್ಳುತ್ತ.

ದೊರಸಾನಿ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು. ಮೂವತ್ತರಲ್ಲಿ ಒಂದೂ ಬಡಕಲಲ್ಲ, ಈ ಊರಿನಲ್ಲಿ ಹಸಿದ ಕೂಸೇ ಇಲ್ಲವೇ ಎಂದು ಕೇಳಿದರು. ಇಲ್ಲಿಯ ನೀರೇ ಅಂಥದ್ದು ಎಂದೆ. ಹಾಗಾದರೆ ಡಬ್ಬಿಗಳನ್ನು ಕಟ್ಟೋಣ, ನಾಳೆ ತೆಕ್ಕಲಕೋಟೆಗೆ ಒಯ್ಯೋಣ ಎಂದರು.

ಹಗ್ಗ ತರಲು ನಾನು ಸಾಲೆಯ ಹಿಂದಕ್ಕೆ ಹೋದೆ. ಅಲ್ಲಿ ಬೇವಿನ ಮರದ ಕೆಳಗೆ ಒಂಬತ್ತು ಜನ ಹೆಂಗಸರು ಸುಮ್ಮನೆ ನಿಂತಿದ್ದರು. ಒಬ್ಬೊಬ್ಬರ ಸೆರಗಿನಲ್ಲೂ ಒಂದೊಂದು ಕೂಸು. ಮುಂದೆ ನಿಂತವಳು ಹುಲಿಗೆಮ್ಮ, ಕೂಲಿಯವಳು. ಮೂರು ತಿಂಗಳ ಕೂಸೇ ಎಂದು ಕೇಳಿದೆ, ಹತ್ತು ತಿಂಗಳು ಎಂದಳು. ಬೆಳಗಿನಿಂದ ಇಲ್ಲೇ ನಿಂತಿದ್ದೀರಲ್ಲ, ಮುಂದಕ್ಕೆ ಯಾಕೆ ಬರಲಿಲ್ಲ ಎಂದೆ.

"ಬೆಲ್ಲ ಎಲ್ಲೈತ್ರಿ ಅಕ್ಕೋರ? ಹಡದಾಗ ನನಗ ಒಂದು ಚೂರು ಸಿಗಲಿಲ್ಲ. ಕೂಸಿನ ತೂಕದಷ್ಟು ಎಲ್ಲಿಂದ ತರ್ಲಿ?"

ಯಾವ ಮಕ್ಕಳಿಗಾಗಿ ದೊರಸಾನಿ ಸಮುದ್ರ ದಾಟಿ ಬಂದಿದ್ದರೋ, ಸರಿಯಾಗಿ ಆ ಮಕ್ಕಳನ್ನೇ ಆರಿಸಿ ಆರಿಸಿ ನಾನು ಹೊರಗೆ ನಿಲ್ಲಿಸಿದ್ದೆ! ಜರಡಿ ಹಿಡಿದಿದ್ದರೂ ಇಷ್ಟು ಚೊಕ್ಕವಾಗಿ ಬೇರೆಯಾಗುತ್ತಿರಲಿಲ್ಲ.

ಒಂಬತ್ತು ಜನರನ್ನೂ ಅಂಗಳಕ್ಕೆ ಕರೆತಂದೆ. ಬೆಲ್ಲ ಬೇಡ, ಹಾಗೇ ತೂಗುತ್ತೇವೆ ಎಂದೆ. ಬರಿ ತಟ್ಟೆಗೆ ಕೂಸನ್ನು ಯಾರು ತೂಗುತ್ತಾರೆ ಎಂದು ಅವರು ಹಿಂದೆ ಸರಿದರು. ತುಲಾಭಾರ ಎಂದು ಊರಿಗೆಲ್ಲ ಸಾರಿದವಳು ನಾನೇ, ಈಗ ಅಲ್ಲ ಎಂದರೆ ಯಾರು ಕೇಳುತ್ತಾರೆ? ಗಾಬರಿಯಲ್ಲಿ ಒಂದು ತೂಕದ ಕಲ್ಲು ಎತ್ತಿ ತಟ್ಟೆಗೆ ಇಟ್ಟೆ. ಹುಲಿಗೆಮ್ಮನ ಮುಖ ಕೆಂಪಾಯಿತು.

"ನನ್ನ ಕೂಸು ಹತ್ತಿ ಮೂಟೇನ್ರಿ, ಕಲ್ಲಿಗೆ ತೂಗಾಕ?"

ಅವಳು ಹೊರಟೇಬಿಟ್ಟಳು. ಉಳಿದವರೂ ತಿರುಗಿದರು. ನಾನು ದೊರಸಾನಿಯ ಹತ್ತಿರ ಓಡಿ, ನನ್ನ ಒಡಕು ಇಂಗ್ಲಿಷಿನಲ್ಲಿ ಇದ್ದದ್ದನ್ನೆಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: ತೂಗಿದ ಬೆಲ್ಲ ಕೊನೆಗೆ ಯಾರಿಗೆ ಹೋಗುತ್ತದೆ? ಮೊದಲು ದೇವರಿಗೆ, ಆಮೇಲೆ ಹಸಿದವರಿಗೆ ಎಂದೆ.

ದೊರಸಾನಿ ಎದ್ದರು. ತಟ್ಟೆಯಲ್ಲಿದ್ದ ಕಲ್ಲನ್ನು ತೆಗೆದು, ತಟ್ಟೆಯನ್ನು ತಮ್ಮ ಸೆರಗಿಲ್ಲದ ಗೌನಿನಿಂದಲೇ ಒರೆಸಿದರು. ಓಣಿಯ ತನಕ ನಡೆದು ಹುಲಿಗೆಮ್ಮನ ಮುಂದೆ ಎರಡೂ ಕೈ ಚಾಚಿ ನಿಂತರು. ಹುಲಿಗೆಮ್ಮ ಬಹಳ ಹೊತ್ತು ಅವರ ಮುಖವನ್ನೇ ನೋಡಿ ಕೂಸನ್ನು ಕೊಟ್ಟಳು. ಅದನ್ನು ಒಂದು ತಟ್ಟೆಯಲ್ಲಿ ಮಲಗಿಸಿ, ಇನ್ನೊಂದು ತಟ್ಟೆಗೆ ಹಾಲಿನ ಪುಡಿಯ ಡಬ್ಬಿ ಇಟ್ಟರು. ಒಂದಕ್ಕೆ ತಕ್ಕಡಿ ಅಲುಗಿತು. ಎರಡನೆಯದು ಇಟ್ಟಾಗ ಕೂಸು ಸ್ವಲ್ಪ ಏರಿತು. ಮೂರನೆಯದಕ್ಕೆ ಕೂಸಿನ ತಟ್ಟೆ ಸರ್ರನೆ ಮೇಲೆ ಹೋಯಿತು. ಲೆಕ್ಕದ ಟೀಚರಲ್ಲವೇ ನಾನು? ಹೆಚ್ಚಾಯಿತೆಂದು ಒಂದು ಡಬ್ಬಿ ತೆಗೆಯಲು ಕೈ ಹಾಕಿದೆ. ದೊರಸಾನಿ ನನ್ನ ಮುಂಗೈ ಹಿಡಿದುಕೊಂಡರು. ಮೂರನ್ನೂ ಎತ್ತಿ ಹುಲಿಗೆಮ್ಮನ ಮಡಿಲಿಗೆ ಹಾಕಿದರು.

ಹಲಗೆಯವನು ಯಾರೂ ಹೇಳದೆಯೇ ಒಮ್ಮೆ ಜೋರಾಗಿ ಬಾರಿಸಿದ. ಉಳಿದ ಎಂಟು ಕೂಸುಗಳೂ ಹಾಲಿಗೇ ತೂಗಿದವು. ಬೆಲ್ಲ ತಂದಿದ್ದ ಹೆಂಗಸರಿಗೆ ಬುಟ್ಟಿಗಳನ್ನು ಹಿಂದಕ್ಕೆ ಕೊಡಲು ಹೋದರೆ ಒಬ್ಬರೂ ಮುಟ್ಟಲಿಲ್ಲ. ಕೊಟ್ಟದ್ದು ದೇವರದು, ಹಾಲು ಕುಡಿಸುವ ತಾಯಂದಿರು ತಿನ್ನಲಿ ಎಂದು ಆ ಒಂಬತ್ತು ಜನರ ಉಡಿಗೆ ತಾವೇ ಪೆಂಟಿಗಳನ್ನು ತುಂಬಿದರು. ನಮ್ಮ ಹೆಂಗಸರು ಇಷ್ಟು ದೊಡ್ಡವರು ಎಂಬುದು ನನಗೆ, ಅವರ ಮನಸ್ಸು ಬಲ್ಲವಳೆಂದು ಮೆರೆಯುತ್ತಿದ್ದ ನನಗೆ, ಆ ದಿನದವರೆಗೆ ಗೊತ್ತಿರಲಿಲ್ಲ.

ತಕ್ಕಡಿ ಹಿಂದಿರುಗಿಸಲು ಹೋದಾಗ ಹುಸೇನ್‌ಬಿ ಬಾಗಿಲಲ್ಲೇ ಕುಳಿತಿದ್ದಳು. ಮುಂದಿನ ಊರು ಯಾವುದು ಎಂದು ಕೇಳಿದಳು. ತೆಕ್ಕಲಕೋಟೆ ಎಂದೆ. ನನ್ನ ಕೈ ಸವರಿ, ಬಹಳ ಪ್ರೀತಿಯಿಂದ ಹೇಳಿದಳು:

"ಅಲ್ಲಿ ಮಾತಾಡೋದೆಲ್ಲಾ ದೊರಸಾನಿಗೆ ಬಿಡ್ರಿ ಅಕ್ಕೋರ. ಪಾಪ, ಆಕಿಗೆ ಕನ್ನಡ ಬರಂಗಿಲ್ಲ, ಆದ್ರ ಮಂದಿಗೆ ತಿಳೀತೈತಿ."

ಮರುದಿನ ತೆಕ್ಕಲಕೋಟೆಯಲ್ಲಿ ನಾನು ಉಳಿದ ಡಬ್ಬಿಗಳನ್ನು ಹೊತ್ತೆ, ಅಷ್ಟೇ.