ಪಡಸಾಲೆಯ ಪ್ಲಗ್ಗನ್ನು ಅರವತ್ತು ತಾಸು ಯಾರೂ ಮುಟ್ಟತಕ್ಕದ್ದಲ್ಲ

ಒಳಮನೆ ಆಡಳಿತ ಇಲಾಖೆ
ರೈಲ್ವೆ ಸ್ಟೇಷನ್ ಹಿಂಭಾಗ, ವಾಡಿ

ಸಂಖ್ಯೆ: ಒಆಇ/ಪ್ಲಗ್/01
ದಿನಾಂಕ: ಮಂಗಳವಾರ, ಸಂಜೆ ಏಳು ಗಂಟೆ, ಕುಕ್ಕರಿನ ಎರಡನೇ ಸೀಟಿಯ ನಂತರ

ಸುತ್ತೋಲೆ

ವಿಷಯ: ಮೈಕ್ರೋಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಎಂ.ಟೆಕ್. ಓದುತ್ತಿರುವ ಕು. ಮೈತ್ರಿ ಇವರ ಮನೆಗೆ ಕೆಟ್ಟ ಸಾಮಾನು ಹೊತ್ತು ತರುವುದನ್ನು ಹಾಗೂ ಪಡಸಾಲೆಯ ಪ್ಲಗ್ ಕೀಳುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: 1) ಪಕ್ಕದ ಮನೆಯ ಶ್ರೀ ಮಾಣಿಕಪ್ಪನವರ ಮಿಕ್ಸರ್, ಇಂದು ಬೆಳಿಗ್ಗೆ ಎಂಟು ಗಂಟೆ.
2) ಎದುರು ಮನೆಯ ಅಖ್ತರ ಬೇಗಂ ಅವರ ಟಿವಿ ರಿಮೋಟ್, ಆರು ಬಾರಿ.
3) ಕೊಡ್ಲಿಯ ಶ್ರೀ ದೇವಿಂದ್ರ (ಸೋದರಮಾವ) ಅವರ ದೂರವಾಣಿ ಕರೆಗಳು, ಎಣಿಸುವುದನ್ನು ಕೈಬಿಡಲಾಗಿದೆ.

ಪ್ರಸ್ತಾವನೆ:

ಇಂದು ಬೆಳಿಗ್ಗೆ ಇಲಾಖೆಯ ಮುಖ್ಯಸ್ಥರೂ ಕು. ಮೈತ್ರಿಯ ತಾಯಿಯೂ ಆದ ಶ್ರೀಮತಿ ಸಾಬಮ್ಮನವರು ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟ ಮೇಜಿನ ಮೇಲೆ ಕೂತ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದರು. ಈ ಊರಿನಲ್ಲಿ ಸದರಿ ಕೆಲಸವನ್ನು ದಿನಕ್ಕೆ ಮೂರು ಸಲ ಮುಗಿಸಲಾಗುತ್ತದೆ; ಮೂರು ಸಲವೂ ಅದು ಮುಗಿಯುವುದಿಲ್ಲ. ಅರ್ಧ ಮೇಜು ಒರೆಸಿದ್ದಾಗ ಶ್ರೀ ಮಾಣಿಕಪ್ಪನವರು ಮಿಕ್ಸರನ್ನು ಕೂಸಿನಂತೆ ಎದೆಗವಚಿಕೊಂಡು ಒಳಗೆ ಬಂದರು. ಮುಖ್ಯಸ್ಥರು ಅರಿವೆಯನ್ನು ಅಲ್ಲಿಯೇ ಬಿಟ್ಟು, “ಕುಂದ್ರಿ ಅಣ್ಣಾ, ಚಾ ಮಾಡ್ತೀನಿ” ಎಂದು ಒಳಗೆ ಹೋದರು. ಕು. ಮೈತ್ರಿ ಬಚ್ಚಲಲ್ಲಿದ್ದರು.

ಸದರಿ ಕಂಪ್ಯೂಟರ್ ರವಿವಾರ ನಸುಕಿನ ಐದು ಗಂಟೆಯಿಂದ ಒಂದೇ ಸಮನೆ ಒಂದು ಲೆಕ್ಕ ಮಾಡುತ್ತಿತ್ತು. ಲೆಕ್ಕ ಅರವತ್ತು ತಾಸಿನದು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಇದರ ಉತ್ತರವನ್ನು ಪ್ರಬಂಧಕ್ಕೆ ಸೇರಿಸಿ ಶುಕ್ರವಾರ ಸಂಜೆ ಐದರೊಳಗೆ ಕಲಬುರಗಿಯ ಕಾಲೇಜಿಗೆ ಒಪ್ಪಿಸಬೇಕು. ತಪ್ಪಿದರೆ ಇನ್ನೊಂದು ಸೆಮಿಸ್ಟರ್ ಕೂರಬೇಕು. ಕರೆಂಟು ಹೋದರೆ ಇರಲೆಂದು ಇನ್ವರ್ಟರ್ ಇತ್ತು. ಮಾಣಿಕಪ್ಪನವರು ಬಂದರೆ ಇರಲೆಂದು ಏನೂ ಇರಲಿಲ್ಲ.

ಐವತ್ತೊಂದನೇ ತಾಸಿನಲ್ಲಿ ಶ್ರೀ ಮಾಣಿಕಪ್ಪನವರು ಕಂಪ್ಯೂಟರಿನ ಪ್ಲಗ್ ಕಿತ್ತು ಮಿಕ್ಸರಿನ ಪ್ಲಗ್ ಹಾಕಿದರು. ಮಿಕ್ಸರ್ ಗುರ್ ಎಂದು ತಿರುಗಿತು. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ಏ ಸಾಬವ್ವಾ, ಚಾಲೂ ಆತ್ ನೋಡು! ನಿನ್ನ ಮಗಳು ಮುಟ್ಟಲಾರದನ ರಿಪೇರಿ ಮಾಡ್ಯಾಳ, ಭಾಳ ಶ್ಯಾಣ್ಯಾಕಿ!” ತನಿಖೆಯಿಂದ ತಿಳಿದುಬಂದಂತೆ ಮಿಕ್ಸರ್ ಎಂದೂ ಕೆಟ್ಟಿರಲಿಲ್ಲ, ಕೆಟ್ಟದ್ದು ಅವರ ಮನೆಯ ಗೋಡೆಯ ಪ್ಲಗ್.

ಕು. ಮೈತ್ರಿ ಅಳಲಿಲ್ಲ. ಹಸಿ ಕೂದಲಲ್ಲೇ ಕುರ್ಚಿಯಲ್ಲಿ ಕೂತು ಕಪ್ಪಾದ ಪರದೆಯನ್ನು ನೋಡಿದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅತ್ತಿದ್ದರೆ ಇಲಾಖೆ ಹೇಗೋ ಸಹಿಸುತ್ತಿತ್ತು. ಊಟ ಬಿಟ್ಟದ್ದನ್ನು ಸಹಿಸಲಾಗದು. ಕೆಟ್ಟ ಫೈಲುಗಳನ್ನು ಸರಿಪಡಿಸಿ ಸಂಜೆ ಏಳಕ್ಕೆ ಲೆಕ್ಕವನ್ನು ಮತ್ತೆ ಹಚ್ಚಲಾಗಿದೆ. ಅದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮುಗಿಯಬೇಕು. ಈ ಅರವತ್ತು ತಾಸುಗಳಿಗಾಗಿ ಕೆಳಕಂಡಂತೆ ಆದೇಶಿಸಲಾಗಿದೆ.

1. ವ್ಯಾಖ್ಯೆಗಳು:
(ಅ) ‘ಕೆಟ್ಟ ಸಾಮಾನು’ ಎಂದರೆ ಮಿಕ್ಸರ್, ರಿಮೋಟ್, ಇಸ್ತ್ರಿ ಪೆಟ್ಟಿಗೆ, ಸೊಳ್ಳೆ ಬ್ಯಾಟು, ಬುದ್ಧನ ಫೋಟೊಕ್ಕೆ ಹಾಕುವ ಸೀರಿಯಲ್ ಲೈಟು, ಮತ್ತು ಕೆಡದಿದ್ದರೂ ‘ಯಾವುದಕ್ಕೂ ಒಮ್ಮೆ ತೋರಿಸಿಬಿಡೋಣ’ ಎಂದು ತಂದ ಯಾವುದೇ ವಸ್ತು.
(ಆ) ‘ಸಾರ್ವಜನಿಕರು’ ಎಂದರೆ ಓಣಿಯವರು, ಬಂಧುಗಳು, ದಾರಿಹೋಕರು ಹಾಗೂ ಕು. ಮೈತ್ರಿಯ ತಂದೆ ಶ್ರೀ ದೇವಾನಂದ.
(ಇ) ‘ಓದು’ ಎಂದರೆ .............................. (ವಿವರವನ್ನು ನಂತರ ತುಂಬಲಾಗುವುದು).

2. ಪಡಸಾಲೆಯ ಪ್ಲಗ್ಗನ್ನು ನಿಷೇಧಿತ ಪ್ರದೇಶವೆಂದು ಘೋಷಿಸಲಾಗಿದೆ. ಸದರಿ ಪ್ಲಗ್ಗಿಗೆ ಮುಖ್ಯಸ್ಥರ ಹಳೆಯ ಲಂಗದ ಲಾಡಿಯನ್ನು ಏಳು ಸುತ್ತು ಸುತ್ತಿ ಗಂಟು ಹಾಕಲಾಗಿದ್ದು, ಆ ಗಂಟನ್ನು ಇಲಾಖೆಯ ಮೊಹರೆಂದು ಪರಿಗಣಿಸತಕ್ಕದ್ದು. ಎರಡು ಮೊಳದೊಳಗೆ ಬಂದು “ಇದು ಯಾತರದವ್ವಾ?” ಎಂದು ಬೆರಳು ಚಾಚುವವರು ಆ ಬೆರಳನ್ನು ಮನೆಯಲ್ಲಿ ಬಿಟ್ಟು ಬರತಕ್ಕದ್ದು.

3. ಕೆಟ್ಟ ಸಾಮಾನುಗಳನ್ನು ಬಜಾರಿನ ಗನಿಸಾಬರ ಅಂಗಡಿಗೆ ಒಯ್ಯತಕ್ಕದ್ದು. ಸದರಿಯವರು ಈ ಕೆಲಸ ಕಲಿತಿದ್ದಾರೆ, ಅದರಿಂದಲೇ ಮನೆ ನಡೆಸುತ್ತಾರೆ. ಅವರು ಕಳೆದ ವಾರ ಬಾಗಿಲಿಗೆ ಬಂದು, “ಅಕ್ಕಾ, ನಿಮ್ಮ ಹುಡುಗಿ ಇನ್ನ ಎಷ್ಟು ದಿನಾ ಊರಾಗ ಇರ್ತಾಳ್ರಿ? ಸಿಟ್ಟಿಲ್ಲ, ಸುಮ್ನ ಕೇಳಿದೆ” ಎಂದು ವಿಚಾರಿಸಿದ್ದನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿದೆ.

4. ಅಖ್ತರ ಬೇಗಂ ಅವರು ಏಳನೇ ಬಾರಿ ರಿಮೋಟ್ ತಂದು, “ಅರೇ ಬೇಟೀ, ಒಂದ್ ಜರಾ ನೋಡವಾ, ಎರಡ ಮಿನಿಟಿನ ಕೆಲಸಾ” ಎನ್ನುವ ಮೊದಲು ಅದರ ಸೆಲ್ಲುಗಳನ್ನು ತಿರುಗಿಸಿ ಹಾಕಿ ನೋಡತಕ್ಕದ್ದು. ಹಿಂದಿನ ಆರೂ ಬಾರಿ ರೋಗ ಇದೇ ಆಗಿತ್ತು, ಔಷಧವೂ ಇದೇ ಆಗಿತ್ತು.

5. ಶ್ರೀ ದೇವಾನಂದ ಇವರು ಸ್ಟೇಷನ್ ಎದುರಿನ ಚಹಾದ ಅಂಗಡಿಯಲ್ಲಿ ಕೂತು, “ತಗೊಂಡು ಬರ್ರಿ, ಎಂಥಾದರ ಇರಲಿ, ನಮ್ಮ ಮೈತ್ರಿ ಇದ್ದಾಳ” ಎಂದು ಪ್ರಚಾರ ಮಾಡುತ್ತಿರುವುದು ಗಮನಕ್ಕೆ ಬಂದಿದೆ. ಸದರಿಯವರ ಹೆಮ್ಮೆಯನ್ನು ಶುಕ್ರವಾರದವರೆಗೆ ಅಮಾನತಿನಲ್ಲಿಡಲಾಗಿದೆ. ತೀರಾ ತಡೆಯದಾದಲ್ಲಿ ರೈಲು ಹಾದುಹೋಗುವ ಸದ್ದಿನಲ್ಲಿ, ಯಾರಿಗೂ ಕೇಳಿಸದಂತೆ, ಹೆಮ್ಮೆಪಡಬಹುದು.

6. “ಇಷ್ಟ್ ಓದಿದಾಕಿಗೆ ಒಂದ್ ಇಸ್ತ್ರಿ ಪೆಟ್ಟಿಗಿ ಮಾಡಾಕ ಬರಂಗಿಲ್ಲೇನು?” ಎಂಬ ಪ್ರಶ್ನೆಯನ್ನು ಕೇಳಬಯಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ತಮ್ಮ ಸ್ವಂತ ಮಕ್ಕಳು ಇದುವರೆಗೆ ರಿಪೇರಿ ಮಾಡಿದ ವಸ್ತುಗಳ ಪಟ್ಟಿಯನ್ನು ಲಗತ್ತಿಸತಕ್ಕದ್ದು. ಪಟ್ಟಿ ಖಾಲಿ ಇದ್ದಲ್ಲಿ ಖಾಲಿ ಹಾಳೆಯನ್ನೇ ದೃಢೀಕರಿಸಿ ಲಗತ್ತಿಸುವುದು. ಅರ್ಜಿಗಳನ್ನು ಫೆಬ್ರುವರಿ ಮೂವತ್ತರಂದು ವಿಲೇವಾರಿ ಮಾಡಲಾಗುವುದು.

7. ಪ್ರಶ್ನೆ ಕೇಳದೆ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಚ್ಚ್’ ಎಂದು ಸದ್ದು ಮಾಡುವ ಪದ್ಧತಿಯೂ ರೂಢಿಯಲ್ಲಿದೆ. ಒಂದು ಮನೆಗೆ ದಿನಕ್ಕೆ ಒಂದು ‘ಚ್ಚ್’ ಮಾತ್ರ ಮಂಜೂರಾಗಿದೆ. ಉಳಿಸಿಟ್ಟ ‘ಚ್ಚ್’ಗಳನ್ನು ಒಟ್ಟುಗೂಡಿಸಿ ಮದುವೆ ಮನೆಯಲ್ಲಿ ಬಳಸುವಂತಿಲ್ಲ, ಬೇರೆಯವರ ಹೆಸರಿಗೆ ವರ್ಗಾಯಿಸುವಂತೆಯೂ ಇಲ್ಲ.

8. ಶ್ರೀ ದೇವಿಂದ್ರ ಇವರು ಬೋರಿನ ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತು ವೀಡಿಯೋ ಕರೆ ಮಾಡಿ, “ಸುಟ್ಟ ವಾಸನಿ ಹೊಂಟದ, ನಿಂಗ ಬರ್ತದೇನ ನೋಡವಾ” ಎನ್ನುವುದನ್ನು ನಿಲ್ಲಿಸತಕ್ಕದ್ದು. ವಾಸನೆಯು ಫೋನಿನಲ್ಲಿ ಬರುವುದಿಲ್ಲವೆಂದು ಈ ಮೂಲಕ ಅವರ ಗಮನಕ್ಕೆ ತರಲಾಗಿದೆ. ಅಲ್ಲದೆ ಸದರಿಯವರು, “ಸೂಜಿ ಮೊನಿಯಷ್ಟು ಸಣ್ಣದು ಮಾಡಾಕ ಎರಡು ವರ್ಷ ಯಾಕ ಬೇಕು? ದೊಡ್ಡದು ಮಾಡಿದ್ರ ಲಗೂನ ಮುಗೀತಿತ್ತಲ್ಲ” ಎಂದು ನೀಡಿದ ತಾಂತ್ರಿಕ ಸಲಹೆಯನ್ನು ಪರಿಶೀಲಿಸಿ

(ಈ ಹಂತದಲ್ಲಿ ಹಾಲು ಉಕ್ಕಿದ್ದರಿಂದ ಕಲಂ ಅಪೂರ್ಣವಾಗಿದೆ. ಒಲೆ ಒರೆಸಿದ ನಂತರ ನೋಡಿದಾಗ ಪೂರ್ಣಗೊಳಿಸುವಷ್ಟು ಯೋಗ್ಯತೆ ಅದಕ್ಕೆ ಇದ್ದಂತೆ ಕಂಡುಬರಲಿಲ್ಲ.)

9. ಉಲ್ಲಂಘನೆ ಮಾಡಿದವರ ಮನೆಗೆ ಇಲಾಖೆಯ ಮುಖ್ಯಸ್ಥರು ಖುದ್ದಾಗಿ ಭೇಟಿ ನೀಡಿ, ಚಹಾ ಕುಡಿದು, ಕ್ಷೇಮ ವಿಚಾರಿಸಿ, ಧಾರಾವಾಹಿ ಮುಗಿಯಲು ಐದು ನಿಮಿಷ ಇರುವಾಗ ಟಿವಿಯ ಪ್ಲಗ್ ಕಿತ್ತು ಅಲ್ಲಿ ಮಿಕ್ಸರ್ ಹಾಕುವರು. ಮಿಕ್ಸರ್ ಚಾಲೂ ಆದಲ್ಲಿ ಮನೆಯವರು ಚಪ್ಪಾಳೆ ತಟ್ಟತಕ್ಕದ್ದು.

10. ಕೊನೆಯದಾಗಿ, ಕಡತಗಳನ್ನು ಪರಿಶೀಲಿಸಲಾಗಿ, ಕಳೆದ ಎರಡು ವರ್ಷಗಳಲ್ಲಿ ಈ ಮನೆಗೆ ಬಂದ ಸಾರ್ವಜನಿಕರು ಕು. ಮೈತ್ರಿಯನ್ನು ಪಗಾರ ಎಷ್ಟು ಬರುತ್ತದೆಂದು ಕೇಳಿದ್ದಾರೆ, ತೂಕ ಯಾಕೆ ಇಳಿದಿದೆಯೆಂದು ಕೇಳಿದ್ದಾರೆ, ಸ್ಕ್ರೂಡ್ರೈವರ್ ಇದೆಯೇ ಎಂದು ಕೇಳಿದ್ದಾರೆ. “ಮೈತ್ರೀ, ನೀ ಏನ್ ಓದಾಕತ್ತಿ, ನನಗ ತಿಳಿಯೂಹಂಗ ಜರಾ ಹೇಳವಾ” ಎಂದು ಒಬ್ಬರೂ ಕೇಳಿದ್ದು ಕಂಡುಬಂದಿಲ್ಲ. ಈ ಒಂದು ಪ್ರಶ್ನೆಗೆ ಅರ್ಜಿ ಬೇಕಿಲ್ಲ. ಕೇಳಿದವರಿಗೆ ಕುರ್ಚಿಯನ್ನೂ ಚಹಾವನ್ನೂ ಒದಗಿಸಲಾಗುವುದು. ಕೇಳದವರು ನಾಚಿಕೆಪಡತಕ್ಕದ್ದು. ಈ ಕಲಂ ಇಲಾಖೆಯ ಮುಖ್ಯಸ್ಥರಿಗೆ ಅನ್ವಯಿಸುವುದಿಲ್ಲ. ಹೆತ್ತ ತಾಯಿಗೆ ಇದೆಲ್ಲ ತಿಳಿದೇ ಇರುತ್ತದೆಂದು ಭಾವಿಸಲಾಗಿದೆ. ಯಾರಾದರೂ ವಿಚಾರಿಸಿದಲ್ಲಿ “ಕಂಪ್ಯೂಟರಿಂದು, ಭಾಳ ದೊಡ್ಡದು” ಎಂದು ಮುಖ್ಯಸ್ಥರು ಉತ್ತರಿಸುತ್ತ ಬಂದಿದ್ದು, ಇದುವರೆಗೆ ಯಾರಿಂದಲೂ ಆಕ್ಷೇಪಣೆ ಸ್ವೀಕೃತವಾಗಿಲ್ಲ.

ಈ ಆದೇಶವು ಲಾಡಿಯ ಗಂಟು ಬಿದ್ದ ಕ್ಷಣದಿಂದ ಜಾರಿಗೆ ಬಂದಿದೆ.

ಸಹಿ/-
(ಸಾಬಮ್ಮ)
ಮುಖ್ಯಸ್ಥರು, ಒಳಮನೆ ಆಡಳಿತ ಇಲಾಖೆ
(ಅಡುಗೆ, ಧೂಳು ಮತ್ತು ಕಾವಲು ವಿಭಾಗಗಳ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಶ್ರೀ ಮಾಣಿಕಪ್ಪ, ಮಿಕ್ಸರ್ ಸಹಿತ. ಜಾರಿನಲ್ಲಿದ್ದ ಶೇಂಗಾ ಹಿಂಡಿಯು (ಚಟ್ನಿಪುಡಿ) ಇಲಾಖೆಯಲ್ಲಿ ಖರ್ಚಾಗಿದೆ.
2. ಅಖ್ತರ ಬೇಗಂ, ಎರಡು ಹೊಸ ಸೆಲ್ಲುಗಳ ಸಹಿತ.
3. ಶ್ರೀ ದೇವಿಂದ್ರ, ಕೊಡ್ಲಿ. ಅಂಚೆಯ ಮೂಲಕ, ಫೋನ್ ಮಾಡಬಾರದೆಂಬ ವಿನಂತಿಯೊಂದಿಗೆ.
4. ಗನಿಸಾಬ, ಬಜಾರ. ಸಮಾಧಾನಕ್ಕಾಗಿ.
5. ಶ್ರೀ ದೇವಾನಂದ, ಚಹಾದ ಅಂಗಡಿಯಲ್ಲಿ ಗಟ್ಟಿಯಾಗಿ ಓದಲು. ಸ್ವಂತದ್ದು ಒಂದು ಮಾತನ್ನೂ ಸೇರಿಸದೆ.
6. ಪ್ಲಗ್ಗಿನ ಮೇಲಿನ ಗೋಡೆ, ಅಂಟಿಸಲು.
7. ಕು. ಮೈತ್ರಿ, ಓದಿ ಸಹಿ ಮಾಡಲು.

ಷರಾ (ಪ್ರತಿ 7ಕ್ಕೆ ಸಂಬಂಧಿಸಿ): ಸದರಿಯವರಿಗೆ ಸುತ್ತೋಲೆಯನ್ನು ರೊಟ್ಟಿಯ ತಾಟಿನ ಜೊತೆಗೆ ಒಪ್ಪಿಸಲಾಯಿತು. ಸದರಿಯವರು ಮೊದಲಿನಿಂದ ಕೊನೆಯವರೆಗೆ ಓದಿದರು. ಏಳನೇ ಕಲಮಿಗೆ ನಕ್ಕರು. ಒಂಬತ್ತನೆಯದಕ್ಕೆ ಜೋರಾಗಿ ನಕ್ಕು, ತಾಟನ್ನು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದರು. ಇಲಾಖೆಯ ಉದ್ದೇಶ ಅಲ್ಲಿಗೆ ಈಡೇರಿತ್ತು. ಆದರೆ ಹತ್ತನೇ ಕಲಂ ಓದಿದ ಮೇಲೆ ನಗಲಿಲ್ಲ. ಸಹಿ ಮಾಡಲು ಪೆನ್ನು ಹಿಡಿದವರು ಹಾಳೆಗಳನ್ನು ಹಿಂದಕ್ಕೆ ಮಗುಚಿ, ಒಂದನೇ ಕಲಮಿನಲ್ಲಿ ‘ಓದು’ ಎಂಬುದರ ಮುಂದಿನ ಚುಕ್ಕೆಗಳ ಮೇಲೆ ಬೆರಳಿಟ್ಟು, ಒದ್ದೆ ಅರಿವೆ ಹಿಡಿದು ನಿಂತಿದ್ದ ಮುಖ್ಯಸ್ಥರ ಮುಖವನ್ನು ನೋಡಿದರು. ಕಂಪ್ಯೂಟರಿನ ಸಣ್ಣ ಫ್ಯಾನು ಸುಯ್ ಎನ್ನುತ್ತಿತ್ತು. ಆಮೇಲೆ ಸದರಿಯವರು ಮೆಲ್ಲಗೆ ಕೇಳಿದರು:

“ಅವ್ವಾ, ಎಲ್ಲಾರಿಗೂ ಕಾಯ್ದೆ ಹಚ್ಚಿದಿ. ನಾ ಏನ್ ಓದಾಕತ್ತೀನಂತ ನೀನರ ಒಮ್ಮೆ ಕೇಳೀಯೇನು?”