ಮಿನಾರಿ ಕಾಕ್‌ಟೇಲೂ ಭಾವಿ ಅಳಿಯನೂ

ಭಾವಿ ಅಳಿಯನ ಯೋಗ್ಯತೆ ಅಳೆಯಲು ಜಾತಕ, ಸಂಬಳ, ಮನೆತನ ಯಾವುದೂ ಬೇಕಿಲ್ಲ, ಒಂದು ಗ್ಲಾಸು ಸಾಕು ಎಂಬುದು ತಾಕ್ ಪಿಲ್‌ಜುನ್‌ನ ಸಿದ್ಧಾಂತ. ಹಿರಿಯರು ಸುರಿದುಕೊಟ್ಟದ್ದನ್ನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಗೆ ಮುಖ ಅತ್ತ ತಿರುಗಿಸಿ, ಒಂದೇ ಗುಟುಕಿಗೆ ಖಾಲಿ ಮಾಡಿದವನು ಗಂಡಸು. ಮಿಕ್ಕವರೆಲ್ಲ ಬರೀ ಗಿರಾಕಿಗಳು. ಜೊಂಜು ಪಟ್ಟಣದಲ್ಲಿ ಇಷ್ಟು ವರ್ಷ ನಲ್ಲಿ, ಸಿಂಕು ಮಾರಿ ಅವನು ಕಂಡುಕೊಂಡ ಪರಮ ಸತ್ಯವಿದು.

ಮಗಳು ಬೊರಾಮ್ ಮೆಚ್ಚಿದ ಹುಡುಗ ಇಂಜೆ ಆ ಭಾನುವಾರ ಮೊದಲ ಸಲ ಮನೆಗೆ ಊಟಕ್ಕೆ ಬರುವವನಿದ್ದ. ಇಂಥ ದಿನಕ್ಕೆ ಎಲ್ಲರ ಮನೆಯಲ್ಲೂ ಇರುವ ಸೊಜು ಸಾರಾಯಿ ಸಾಲದು ಎಂದು ಪಿಲ್‌ಜುನ್‌ಗೆ ಅನ್ನಿಸಿತು. ರಾಜಧಾನಿ ಸೋಲ್‌ನಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಮೀಸೆಯವನೊಬ್ಬ ಹಸಿ ಎಲೆಗಳನ್ನು ಜಜ್ಜಿ, ವಿದೇಶಿ ಮದ್ಯಕ್ಕೆ ಬೆರೆಸಿ, ಡಬ್ಬದಲ್ಲಿ ಕುಲುಕಿ ಕೊಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಮೀಸೆಯವನಿಗೆ ಸಾಧ್ಯವಾದದ್ದು ನಲ್ಲಿ ಜೋಡಿಸುವ ಕೈಗೇನು ಬ್ರಹ್ಮವಿದ್ಯೆಯೆ? ನಮ್ಮ ನೆಲದ ಸೊಪ್ಪು, ಪರದೇಶದ ಜಿನ್, ಎರಡನ್ನೂ ಒಂದೇ ಗ್ಲಾಸಿನಲ್ಲಿ ಮದುವೆ ಮಾಡಿಸಿಯೇ ತೀರುತ್ತೇನೆಂದು ಬೆಳಗಿನ ಗಂಜಿಯ ಮುಂದೆ ಘೋಷಿಸಿದ.

ಹೆಂಡತಿ ಒಕ್‌ಬುನ್ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ರೀ, ಹೋದ ಸಲ ಬಂದವನನ್ನ ಕುಡಿಸಿ ಕುಡಿಸಿಯೇ ಓಡಿಸಿದ್ರಿ. ಇವನೂ ಓಡಿಹೋದ್ರೆ ಬೊರಾಮ್ ಜನ್ಮದಲ್ಲಿ ನಿಮ್ಮ ಮುಖ ನೋಡೋಲ್ಲ, ತಿಳ್ಕೊಳ್ಳಿ.”

“ಓಡಿಹೋಗೋನು ಮೊದಲೇ ಓಡಿಹೋದ್ರೆ ಒಳ್ಳೇದಲ್ವೇನೇ?”

ಈ ಮಾತು ಮಗಳ ಕಿವಿಗೂ ಬಿತ್ತು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಪಿಲ್‌ಜುನ್‌ಗೆ ಒಳಗೊಳಗೇ ಅಳುಕಾಯಿತು. ಆದರೆ ಘೋಷಿಸಿದ ಮೇಲೆ ಹಿಂತೆಗೆಯುವುದುಂಟೆ?

ಒಕ್‌ಬುನ್ ಅಕ್ಕಿ ಕಡುಬು ತರಲು ಹೊರಗೆ ಹೋದದ್ದೇ ತಡ, ಅಡುಗೆಮನೆಯ ಮೇಲೆ ದಂಡಯಾತ್ರೆ ಶುರುವಾಯಿತು. ತಾರಸಿಯಲ್ಲಿ ಸೊಪ್ಪು ಬೆಳೆಸಿದ ಪೆಟ್ಟಿಗೆಗಳಿಂದ ಘಾಟು ವಾಸನೆಯ ಕೆನಿಪ್ ಎಲೆ ಬಂತು, ಪುದೀನದ ದಾಯಾದಿಯಂಥ ಬಾಂಗಾ ಸೊಪ್ಪು ಬಂತು. ಸಿಂಕಿನ ಪಕ್ಕದ ಬೋಗುಣಿಯಲ್ಲಿ ಮಿನಾರಿ ಸೊಪ್ಪು ನೀರಲ್ಲಿ ನೆನೆಯುತ್ತಿತ್ತು. ನಾದಿನಿ ತನ್ನ ಕೆಸರುಗದ್ದೆಯಿಂದ ಬೆಳಿಗ್ಗೆಯಷ್ಟೇ ಕಿತ್ತು ಕಳಿಸಿದ್ದು. ಅದರೊಳಗೆ ಉದ್ದ ಹಿಡಿಯ ಹಿತ್ತಾಳೆ ಚಮಚವೊಂದು ಮುಳುಗಿ ಬಿದ್ದಿತ್ತು. ಈ ಹೆಂಗಸರಿಗೆ ಸಾಮಾನಿನ ಮೇಲೆ ನಿಗಾ ಇಲ್ಲವೆಂದು ಗೊಣಗುತ್ತ ಅದನ್ನೆತ್ತಿ, ಒರೆಸಿ, ಕಾಕ್‌ಟೇಲ್ ಕದಡಲು ದೇವರೇ ಕೊಟ್ಟ ಸಾಧನವೆಂದು ತೆಗೆದಿಟ್ಟುಕೊಂಡ. ಎಲೆ ಜಜ್ಜಿದ, ಸೊಜು ಸುರಿದ, ಜಿನ್ ಸುರಿದ, ಜೇನು ಸುರಿದ. ಪ್ರತಿ ಗ್ಲಾಸಿಗೂ ಎಲೆಸಮೇತ ಒಂದೊಂದು ಮಿನಾರಿ ಕಡ್ಡಿ ನೆಟ್ಟ.

ಒಕ್‌ಬುನ್ ಮರಳಿದ ಬೆನ್ನಿಗೇ ಇಂಜೆ ಬಂದ, ಮಂಡಿಯೂರಿ ನಮಸ್ಕರಿಸಿದ, ಕೂತ. ಪಿಲ್‌ಜುನ್ ಹೆಂಡತಿ ಮಗಳಿಗೂ ಸೇರಿ ಎಲ್ಲರಿಗೂ ಒಂದೊಂದು ಗ್ಲಾಸು ಹಂಚಿ ಮೊದಲ ಗುಟುಕು ಹಾಕಿದ. ಬಾಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಂತಾಯಿತು. ಆದರೂ ಮಾಡಿದವನು ತಾನೇ ಅಲ್ಲವೆ? ಅಮೃತ ಸೇವಿಸಿದವನಂತೆ ಚಪ್ಪರಿಸಿದ. ಹುಡುಗನಾದರೋ ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿ, ಕ್ಷಣದಲ್ಲಿ ಬರಿದು ಮಾಡಿ ಈ ಕಡೆ ತಿರುಗಿದ. ಇನ್ನೊಂದು ಸುರಿದರೆ ಅದೂ ಹಾಗೆಯೇ! ಮುಖದಲ್ಲಿ ಒಂದು ಸುಕ್ಕಿಲ್ಲ. ಮೂರನೆಯದಕ್ಕೆ ಪಿಲ್‌ಜುನ್‌ನ ಹೃದಯ ತುಂಬಿ ಬಂತು. ಇನ್ನು ಮೇಲೆ ಯಜಮಾನರೇ ಎನ್ನಬೇಡ, ಮಾವ ಎನ್ನು ಎಂದು ಅಪ್ಪಣೆ ಕೊಡಿಸಿಬಿಟ್ಟ. ಬೊರಾಮ್ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸಾರು ತರಲು ಒಳಗೆ ಹೋದ ಒಕ್‌ಬುನ್ ಅಲ್ಲಿಂದಲೇ ಕರೆದಳು. ಪಿಲ್‌ಜುನ್ ತೂರಾಡುತ್ತ ಹೋದ.

“ಬೋಗುಣೀಲಿದ್ದ ಹಿತ್ತಾಳೆ ಚಮಚ ಎಲ್ಲಿ?”

“ಕದಡೋಕೆ ತಗೊಂಡೆ. ಏನೀಗ?”

“ಜಿಗಣೆ ಸೊಪ್ಪು ಬಿಟ್ಟು ಕೆಳಗಿಳೀಲಿ ಅಂತ ಹಾಕಿದ್ದೆ ಕಣ್ರೀ. ಒಂದು ಜಿಗಣೆ ಕಣ್ಣಿಗೆ ಬಿತ್ತು, ಕೈಗೆ ಸಿಗದೆ ಒಳಗೆ ನುಸುಳ್ತು ಅಂತ ತಂಗಿ ಬೇರೆ ಹೇಳಿದ್ಲು.”

ಪಿಲ್‌ಜುನ್‌ನ ಅಮಲು ಅಲ್ಲೇ ಇಳಿಯಿತು. ಮಿನಾರಿಯ ನೀರಿಗೆ ಹಿತ್ತಾಳೆ ಹಾಕಬೇಕೆಂದು ಅವನ ತಾಯಿ ಹೇಳುತ್ತಿದ್ದದ್ದು ಈಗ ಕಿವಿಯಲ್ಲಿ ಮೊಳಗಿತು. ಗಂಡ ಹೆಂಡತಿ ಉಳಿದ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿದರು. ಜಿಗಣೆ ಇಲ್ಲ. ನೀರಿನಲ್ಲೂ ಇಲ್ಲ. ಹಾಗಾದರೆ ಗ್ಲಾಸಿಗೆ ಹೋಗಿದೆ, ಗ್ಲಾಸಿನಿಂದ ಯಾರದೋ ಹೊಟ್ಟೆಗೆ ಹೋಗಿದೆ. ಹೇಳದೆ ಬಿಟ್ಟರೆ ಹುಡುಗನ ಹೊಟ್ಟೆ ಹಾಳು, ಹೇಳಿದರೆ ಮಗಳ ಮದುವೆ ಹಾಳು. ಹಿಂದಿನವನನ್ನಾದರೂ ಬರೀ ಸೊಜು ಕುಡಿಸಿ ಓಡಿಸಿದ್ದ, ಇವನಿಗೆ ಜಿಗಣೆಯನ್ನೇ ಕುಡಿಸಿದ್ದಾನೆ. ಮಗಳು ಕಣ್ಣೊರೆಸಿಕೊಂಡದ್ದು ನೆನಪಾಯಿತು.

ಕೊನೆಗೆ ಹೊರಗೆ ಬಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುತ್ತೇನೆ, ಸಿಟ್ಟಿದ್ದರೆ ತನ್ನ ಮೇಲಿರಲಿ, ಬೊರಾಮ್ ಮೇಲೆ ಬೇಡವೆಂದು ಬೇಡಿಕೊಂಡ. ಇಂಜೆಯ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. ಅವನೂ ಮಂಡಿಯೂರಿಬಿಟ್ಟ.

“ಮಾವ, ತಪ್ಪು ನನ್ನದು. ನಾನು ಒಂದು ಹನೀನೂ ಕುಡಿದಿಲ್ಲ. ಮೊದಲ್ನೇದು ಮೂಗಿನ ಹತ್ರ ಬರ್ತಿದ್ದ ಹಾಗೇ ಆಗಲ್ಲ ಅನ್ನಿಸ್ತು. ತಿರುಗಿದಾಗಲೆಲ್ಲ ಬೆನ್ನ ಹಿಂದಿನ ಆರ್ಕಿಡ್ ಕುಂಡಕ್ಕೆ ಸುರಿದೆ. ಕಡ್ಡಿಗಳನ್ನೂ ಅಲ್ಲೇ ನೆಟ್ಟಿದೀನಿ.”

ಪಿಲ್‌ಜುನ್‌ನ ಸಿದ್ಧಾಂತದ ಪ್ರಕಾರ ಇವನನ್ನು ಆಗಲೇ ಹೊಸ್ತಿಲು ದಾಟಿಸಬೇಕಿತ್ತು. ಪಿಲ್‌ಜುನ್ ಅವನನ್ನು ಬಾಚಿ ತಬ್ಬಿಕೊಂಡ. ಕುಡಿಯದ ಅಳಿಯ ಸಿಕ್ಕಿದ್ದಕ್ಕೆ ಇಷ್ಟು ಹಿಗ್ಗಿದ ಮಾವ ಜೊಂಜುವಿನಲ್ಲಿ ಇನ್ನೊಬ್ಬನಿರಲಾರ. ಧೈರ್ಯ ಬಂದ ಬೊರಾಮ್ ತನ್ನದನ್ನು ಎಂಜಲು ಬಟ್ಟಲಿಗೆ ಸುರಿದೆನೆಂದು ಒಪ್ಪಿಕೊಂಡಳು. ಒಕ್‌ಬುನ್‌ಳದು ಆಗಲೇ ಸಿಂಕಿಗೆ ಹೋಗಿತ್ತಂತೆ. ಒಟ್ಟಿನಲ್ಲಿ ಆ ಮನೆಯಲ್ಲಿ ಕಾಕ್‌ಟೇಲ್ ಕುಡಿದ ಏಕೈಕ ಜೀವ ಪಿಲ್‌ಜುನ್. ಹಾಗೆಂದು ಹೊಳೆದದ್ದೇ ಅವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಒಕ್‌ಬುನ್ ಆರ್ಕಿಡ್ ಕುಂಡವನ್ನು ಬೆಳಕಿಗೆ ತಿರುಗಿಸಿ ಬಗ್ಗಿ ನೋಡಿದಳು. ಕುಂಡದ ಹೊರಮೈಯಲ್ಲಿ ಕಪ್ಪಗಿನ ಜಿಗಣೆಯೊಂದು ತನ್ನಿಂದಾದಷ್ಟು ವೇಗವಾಗಿ ಕೆಳಗಿಳಿದು ಹೋಗುತ್ತಿತ್ತು.

“ಹೆದರಬೇಡಿ ರೀ, ನಿಮ್ಮ ಹೊಟ್ಟೇಲಿಲ್ಲ, ಇಲ್ಲಿದೆ,” ಎಂದಳು. “ಪಾಪ, ರಕ್ತ ಕುಡಿದು ಬದುಕೋ ಪ್ರಾಣಿ. ಅದಕ್ಕೂ ಇದು ಗಂಟಲಲ್ಲಿ ಇಳೀಲಿಲ್ಲ ನೋಡಿ.”