ಭಾಯ್ ಅವರ ಮೊಲದ ರೀಲು

ಕೈಯಲ್ಲಿ ಚಿತ್ರ ಬರೆದು ಮಾಡಿದ ಹಳೇ ಕಾರ್ಟೂನ್ ರೀಲುಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನಲ್ಲಿ ನನ್ನಷ್ಟು ಯಾರ ಹತ್ತಿರವೂ ಇಲ್ಲ. ಸುಳ್ಳು. ನನ್ನ ಹತ್ತಿರ ಒಂದೂ ಇಲ್ಲ. ಇರುವುದೆಲ್ಲ ಹುಣಸೂರಿನ ಭಾಯ್ ಹತ್ತಿರ. ಹಿಂದೆ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಆಗ ದೊಡ್ಡ ಚಿತ್ರಕ್ಕೆ ಮುಂಚೆ ಹಾಕುತ್ತಿದ್ದ ಮೊಲ-ನರಿ ಕಾರ್ಟೂನೊಂದು ಮಾತ್ರ ಅವರಿಗೆ ಮತ್ತೆ ಸಿಕ್ಕಿರಲಿಲ್ಲ. ಈಗ ಅವರ ಕಣ್ಣು ಹೋಗುತ್ತಿತ್ತು. ಮೈಸೂರಿನ ಡಾಕ್ಟರು ಕೈಚೆಲ್ಲಿದ್ದರು. ಪೂರ್ತಿ ಕತ್ತಲಾಗುವುದರೊಳಗೆ ಅದನ್ನೊಮ್ಮೆ ನೋಡಬೇಕೆಂದು ಹಟ. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟರೆ ಏನಾದರೊಂದು ಆಗದೆ ವಾಪಸ್ ಬಂದದ್ದೇ ಇಲ್ಲ.

ಗದ್ದೆ

ಹೊಸ ಅಗ್ರಹಾರದ ಹತ್ತಿರ ರೈತರೊಬ್ಬರು ಹಕ್ಕಿ ಬೆದರಿಸೋಕೆ ಭತ್ತದ ಗದ್ದೆ ಮೇಲೆ ರೀಲು ಕಟ್ಟಿದ್ದರು. ಭಾಯ್ ಅದನ್ನು ಬಿಸಿಲಿಗೆ ಹಿಡಿದು, ಮೂಗು ತಾಗಿಸಿ ನೋಡಿದರು.

"ಇದೇ ಮೊಲ ಕಣ್ಲಾ! ಈ ಚಿತ್ರದಲ್ಲಿ ಮೀಸೆ ಮೂರು, ಪಕ್ಕದ್ರಲ್ಲಿ ಎರಡು. ಬರೆದೋನಿಗೆ ನಿದ್ದೆ ಬಂದೈತೆ!"

"ತಕ್ಕೊಂಡೋಗಿ," ಅಂದರು ರೈತರು. "ಉಳಿದದ್ದು ಡಬ್ಬಿ ಸಮೇತ ಅಟ್ಟದ ಮ್ಯಾಲೈತೆ. ಆದ್ರೆ ಅಕ್ಕಿ-ಪಕ್ಷಿ ಯಾರು ಓಡ್ಸೋರು?"

ಭಾಯ್ ನನ್ನ ಕಡೆ ತಿರುಗಿದರು. ಮಧ್ಯಾಹ್ನವೆಲ್ಲ ಕೈ ಚಾಚಿಕೊಂಡು ಗದ್ದೆಯಲ್ಲಿ ನಿಂತೆ. ಸಂಜೆ ರೈತರು ಬೇಜಾರಿನಿಂದ ಹೇಳಿದರು: "ರೀಲೇ ವಾಸಿ ಸ್ವಾಮಿ. ಇವ್ರ ತಲೆ ಮ್ಯಾಲೆ ಗುಬ್ಬಿ ಕೂತಿತ್ತು."

ಹುಳಿ ವಾಸನೆ

ಭಾಯ್ ಅವರ ಕೆಟ್ಟ ಪ್ರೊಜೆಕ್ಟರನ್ನು ರಿಪೇರಿಗೆ ಕೊಟ್ಟಿದ್ದೆವು; ಅದು ಬರುವುದರೊಳಗೆ ಮಳೆಗಾಲ ಬಂತು. ಹಳೇ ರೀಲು ಸಾಯೋಕೆ ಶುರುವಾದರೆ ಹುಳಿ ವಾಸನೆ ಬಿಡುತ್ತದೆ. ಭಾಯ್ ದಿನಾ ಡಬ್ಬಿ ತೆಗೆದು ಮೂಸಿ, ಮತ್ತೆ ಮುಚ್ಚುತ್ತಿದ್ದರು. ಪಕ್ಕದ ಮನೆ ಅಕ್ಕ ಬಟ್ಟಲು ಹಿಡಿದು ಬಂದರು. "ಭಾಭಿ, ಉಪ್ಪಿನಕಾಯಿ ಹಾಕಿದ್ದೀರಲ್ಲ, ಒಂಚೂರು ಕೊಡ್ರೀ. ಯಾವುದ್ರದ್ದು?"

ಭಾಯ್ ಹೆಂಡತಿ ಭಾಭಿ ಬಾಯಿ ತೆರೆಯುವ ಮೊದಲೇ ನಾನಂದೆ: "ಮೊಲದ್ದು ಅಕ್ಕಾ."

ಅಕ್ಕ ಮೊಟ್ಟೆಯನ್ನೂ ಮುಟ್ಟದವರು. ಬಿಟ್ಟೋಡಿದ ಬಟ್ಟಲು ಇನ್ನೂ ಭಾಯ್ ಮನೇಲೇ ಇದೆ.

ಕೊನೇ ಆಟ

ಪ್ರೊಜೆಕ್ಟರ್ ಬಂತು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು.

ಭಾಭಿ ಗೋಡೆಗೆ ಬಿಳೀ ದುಪ್ಪಟಿ ಕಟ್ಟಿದರು. ಭಾಯ್ ಬೆರಳಲ್ಲೇ ತಡವಿ ರೀಲು ಹಾಕಿ, "ಹೇಳ್ತಾ ಹೋಗು" ಅಂದರು. ಮೊಲ ಓಡಿತು, ನರಿ ಅಟ್ಟಿತು, ನಾನು ಹೇಳಿದೆ. ಗದ್ದೆ ಬಿಸಿಲಲ್ಲಿ ಒಣಗಿದ್ದ ಭಾಗ ಬಂದದ್ದೇ ರೀಲು ತುಂಡಾಯಿತು. ದುಪ್ಪಟಿ ಬೆಳ್ಳಗಾಯಿತು. ಭಾಭಿ ತಲೆ ತಗ್ಗಿಸಿದರು. ನಾನು ನಿಜ ಮುಚ್ಚಿಟ್ಟೆ. ದನಿ ಏರಿಸಿದೆ.

"ನರಿ ಹಳ್ಳಕ್ಕೆ ಬಿತ್ತು ಭಾಯ್! ಮೊಲ ಅದರ ಬೆನ್ನೇರಿ ಪಿರಿಯಾಪಟ್ಟಣಕ್ಕೆ ಹೊರಟಿದೆ! ತಂಬಾಕು ಹರಾಜಿಗೆ ನುಗ್ಗೇಬಿಡ್ತು! ಸೊಪ್ಪಿನ ಬೇಲು ಇಳಿಸಿ, ಆ ಜಾಗಕ್ಕೆ ನರೀನ ಇಟ್ಟವ್ರೆ!"

ಭಾಯ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ಲೇ, ರೀಲು ತುಂಡಾಗಿ ಆಗಿಂದ ಪಟಪಟ ಬಡ್ಕೋತಾ ಐತೆ. ನಂಗೆ ಹೋಗಿರೋದು ಕಣ್ಣು ಕಣೋ, ಕಿವಿಯಲ್ಲ. ಅದು ಬುಡು, ನರಿಗೆ ಏನು ರೇಟು ಬಂತು ಹೇಳು!"

ಎಷ್ಟು ಬಂತು ಅಂತ ನಿಮಗೂ ಹೇಳ್ತೀನಿ. ಮೊದಲು ಈ ಟೀ ದುಡ್ಡು ನೀವು ಕೊಟ್ಟುಬಿಡಿ.